ಮರ ಹತ್ತದ ಹಕ್ಕಿಯ ಬಯಲು

ಮಧ್ಯಾಹ್ನದ ಬಿಸಿಲು ಇಳಿಯತೊಡಗಿದರೆ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಎಲ್ಲರ ಕಣ್ಣೂ ಎದುರಿನ ಕರಡಿಕಲ್ಲು ಗುಡ್ಡದ ಕಡೆಗೇ. ಅರಣ್ಯ ಇಲಾಖೆಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗಿರುತ್ತಾರೆ. ವಾಸನೆ ಹಿಡಿದು ನವಿಲು, ಮುಂಗುಸಿ, ಒಮ್ಮೊಮ್ಮೆ ಕಾಡುಹಂದಿ ಬರುತ್ತವೆ. ಆಮೇಲೆ ಬಂಡೆಯ ಸಂದಿನಿಂದ ಕರಡಿ. ತಾಯಿಯಾಗಿದ್ದರೆ ಬೆನ್ನ ಮೇಲೆ ಮರಿಗಳು, ಅಮ್ಮನ ಜೂಲನ್ನು ಬಿಗಿಯಾಗಿ ಹಿಡಿದುಕೊಂಡು. ಗೋಪುರದ ಮೇಲಿದ್ದ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ.

ಬಳ್ಳಾರಿಯಿಂದ ಸುಮಾರು 50 ಕಿ.ಮೀ., ಹಂಪಿಯಿಂದ 15 ಕಿ.ಮೀ. ದೂರದ ಈ ಧಾಮ ಘೋಷಣೆಯಾದದ್ದು 1994ರಲ್ಲಿ. ಬಿಳಿಕಲ್ಲು ಮೀಸಲು ಅರಣ್ಯದ 55.87 ಚದರ ಕಿ.ಮೀ.ಯಿಂದ ಶುರುವಾಗಿ, ಬುಕ್ಕಸಾಗರದ ಕಾಡು ಸೇರಿ 2009ರಲ್ಲಿ 82.72 ಚದರ ಕಿ.ಮೀ. ಆಯಿತು. ಸೌದೆಗೆಂದು ಕಡಿದು ಕಡಿದು ಬೋಳಾಗಿದ್ದ ಗುಡ್ಡಗಳಲ್ಲಿ ಕಾರೆ, ಕವಳೆ, ಬಾರೆ, ಉಲುಪಿ, ಸೀತಾಫಲದ ಪೊದೆಗಳು ಮತ್ತೆ ಎದ್ದವು. ಕರಡಿ ನೋಡಲು ಬಂದವರು ಬೋನಸ್ಸಿನಂತೆ ಹಳದಿ ಕೊರಳಿನ ಪಿಕಳಾರವನ್ನೂ ನೋಡಿ ಹೋಗುತ್ತಾರೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣದ ಹಕ್ಕಿ ಅದು.

ಗೋಪುರದಿಂದ ಕಾಣುವುದು ಇಷ್ಟು. ಕರಡಿ ಹೇಗೆ ಬದುಕುತ್ತದೆ ಎನ್ನುವುದನ್ನು ತಿಳಿಯಬೇಕಾದರೆ ನೆಲ ನೋಡಬೇಕು. ಕಾಡಂಚಿನ ದಾರಿಯಲ್ಲಿ ಒಣಗಿ ಬಿದ್ದ ಕರಡಿಯ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದರೆ ಅದರೊಳಗೆ ಆ ತಿಂಗಳ ಇಡೀ ಪಂಚಾಂಗ ಸಿಗುತ್ತದೆ: ಬಾರೆಬೀಜ, ಕವಳೆಯ ಸಿಪ್ಪೆ, ಗೆದ್ದಲಿನ ತಲೆಗಳು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದಲೇ ಗೆದ್ದಲನ್ನು ಹೀರಿಬಿಡುತ್ತದೆ. ಸದ್ದು ದೂರಕ್ಕೆ ಕೇಳುತ್ತದೆ. ಹಿಕ್ಕೆಯೊಳಗಿನ ಬೀಜ ಮಳೆ ಬಿದ್ದಾಗ ಮೊಳೆಯುತ್ತದೆ. ಈ ಗುಡ್ಡದ ಗಿಡಗಳಲ್ಲಿ ಎಷ್ಟೋ ಕರಡಿಯೇ ನೆಟ್ಟವು. ಬೆಲ್ಲ ನೆಕ್ಕುವ ಕರಡಿಯನ್ನು ಅರ್ಧ ಗಂಟೆ ನೋಡಿದ ಮಗುವಿಗಿಂತ ಒಂದು ಹಿಕ್ಕೆಯನ್ನು ಬಿಡಿಸಿ ನೋಡಿದ ಮಗು ಹೆಚ್ಚು ಕಲಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಬಳ್ಳಾರಿ ಸೀಮೆ ಥಾರ್ ಮರುಭೂಮಿಯಲ್ಲ. ವರ್ಷಕ್ಕೆ ಸರಾಸರಿ 500 ಮಿ.ಮೀ. ಆಸುಪಾಸು ಮಳೆ ಬೀಳುವ ಅರೆಶುಷ್ಕ ನೆಲ. ಮುಂಗಾರಿನ ಮೋಡಗಳು ಸಹ್ಯಾದ್ರಿಯಲ್ಲೇ ನೀರು ಸುರಿಸಿ ಹಗುರಾಗಿ ಬರುವುದರಿಂದ ಇಲ್ಲಿಗೆ ಸಿಗುವುದು ಉಳಿದದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಇಂಥ ನೆಲವನ್ನು ಸರ್ಕಾರಿ ನಕ್ಷೆಗಳು ಬಹುಕಾಲ ಪಾಳು ಜಮೀನೆಂದೇ ಗುರುತಿಸುತ್ತ ಬಂದಿವೆ. ಪರಿಸರದ ಪಾಠವೂ ಅದೇ ಜಾಡಿನಲ್ಲಿ ಸಾಗಿದೆ. ಜೂನ್ 5 ಬಂತೆಂದರೆ ಶಾಲೆಯ ಅಂಗಳದಲ್ಲೊಂದು ಗುಂಡಿ, ಅದಕ್ಕೊಂದು ಸಸಿ, ಒಂದು ಫೋಟೊ. ಮರವಿದ್ದರೆ ಪರಿಸರ, ಮರವಿಲ್ಲದಿದ್ದರೆ ಬರಡು. ಮಲೆನಾಡಿನ ಕಣ್ಣಿನಿಂದ ಬಯಲುಸೀಮೆಯನ್ನು ನೋಡುವ ಈ ರೂಢಿಯಿಂದ ಬಯಲಿಗೆ ದೊಡ್ಡ ಹಾನಿಯೇ ಆಗಿದೆ. ಅದಕ್ಕೆ ಸಾಕ್ಷಿ ಬೇಕಿದ್ದರೆ ಸಿರುಗುಪ್ಪ ತಾಲ್ಲೂಕಿಗೆ ಹೋಗಬೇಕು.

ಸಿರುಗುಪ್ಪ ಎಂದರೆ ಭತ್ತ, ಅಕ್ಕಿ ಗಿರಣಿ, ತುಂಗಭದ್ರೆಯ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ). 1953ರಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಈ ತಾಲ್ಲೂಕಿನ ಚಹರೆಯೇ ಬದಲಾಯಿತು. ಆದರೆ ಕಾಲುವೆಯ ನೀರು ಹತ್ತದ ಎರೆಹೊಲಗಳು ಇನ್ನೂ ಇವೆ. ಅಲ್ಲಿ ಹಿಂಗಾರಿಗೆ ಬಿಳಿಜೋಳ, ಕಡ್ಲಿ. ನಡುನಡುವೆ ಉಳುಮೆ ಕಾಣದ ಹುಲ್ಲುಗಾವಲು, ಕುರಿಮಂದೆ, ಚಿಗರಿಗಳ ಅಂದರೆ ಕೃಷ್ಣಮೃಗಗಳ ಹಿಂಡು. ಮರ ಎನ್ನುವುದು ಕಣ್ಣಿಗೆ ಬೀಳುವುದು ಅಪರೂಪ. ಈ ಬಯಲಿನಲ್ಲೇ ಕರ್ನಾಟಕದ ಕೊನೆಯ ಎರೆಭೂತಗಳು ಕಾಣಿಸಿಕೊಂಡಿರುವುದು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಹಕ್ಕಿ ಇದೇ.

ಸುಮಾರು 1 ಮೀಟರ್ ಎತ್ತರ. ಗಂಡು 15 ಕಿಲೊವರೆಗೆ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಕಂದು ಬೆನ್ನು, ಬಿಳಿ ಕೊರಳು, ತಲೆಗೆ ಕರಿ ಟೋಪಿ. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರೆಹಣ್ಣು, ಹೊಲದಲ್ಲಿ ಉದುರಿದ ಕಡಲೆ, ಶೇಂಗಾ ಎಲ್ಲವನ್ನೂ ತಿನ್ನುತ್ತದೆ. ಮಳೆ ಹಿಡಿದ ಎರೆಮಣ್ಣಿನಲ್ಲಿ ಅದರ ಹೆಜ್ಜೆ ಸಿಕ್ಕರೆ ಕೂತು ನೋಡಬೇಕು. ಮುಂದಕ್ಕೆ ಚಾಚಿದ ಮೂರು ದಪ್ಪ ಬೆರಳು, ಅಷ್ಟೆ. ಕಾಗೆ, ಗುಬ್ಬಿಗಳಿಗಿರುವ ಹಿಂಬೆರಳು ಇದಕ್ಕಿಲ್ಲ. ಹಿಂಬೆರಳಿಲ್ಲದ ಹಕ್ಕಿ ಕೊಂಬೆ ಹಿಡಿಯಲಾರದು. ಅಂದರೆ ಎರೆಭೂತ ಹುಟ್ಟಿದಾಗಿನಿಂದ ಸಾಯುವತನಕ ಒಂದೇ ಒಂದು ಸಲವೂ ಮರದ ಮೇಲೆ ಕೂರುವುದಿಲ್ಲ. ನಡೆಯುವುದಕ್ಕೆ, ಓಡುವುದಕ್ಕೆ, ದೂರದಿಂದಲೇ ತೋಳವನ್ನೋ ನಾಯಿಯನ್ನೋ ಕಾಣುವುದಕ್ಕೆ ಅದಕ್ಕೆ ಬೇಕಾದದ್ದು ಅಡ್ಡಿಯಿಲ್ಲದ ಬಯಲು. ಆ ಬಯಲಿಗೆ ಸಾಲುಗಿಡ ನೆಟ್ಟರೆ ಅದರ ಮನೆಯನ್ನೇ ಕಿತ್ತುಕೊಂಡಂತೆ.

ಗೂಡು ಎನ್ನುವುದೂ ಇಲ್ಲ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುಮಾರು ನಾಲ್ಕು ವಾರ ಒಬ್ಬಳೇ ಕಾವು ಕೂರುತ್ತಾಳೆ, ಗಂಡಿನ ನೆರವಿಲ್ಲ. ಮುಂಗಾರಿನ ಹೊತ್ತಿಗೆ ನಡೆಯುವ ಈ ಬಾಣಂತನದಲ್ಲಿ ಒಂದು ಬೀದಿನಾಯಿ ಬಂದರೂ, ಕ್ಯಾಮೆರಾ ಹಿಡಿದವನೊಬ್ಬ ಹತ್ತಿರ ಹೋದರೂ ಆ ವರ್ಷದ ಕಥೆ ಮುಗಿದಂತೆ.

ಒಂದು ಕಾಲಕ್ಕೆ ಪಂಜಾಬಿನಿಂದ ತಮಿಳುನಾಡಿನವರೆಗೆ ಒಣ ಬಯಲುಗಳಲ್ಲೆಲ್ಲ ಇದ್ದ ಈ ಹಕ್ಕಿಯನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಪಕ್ಷಿತಜ್ಞ ಸಲೀಂ ಅಲಿ ವಾದಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 2011ರಲ್ಲಿ ಐಯುಸಿಎನ್ ಎರೆಭೂತವನ್ನು ಅಳಿವಿನಂಚಿನ ಕಟ್ಟಕಡೆಯ ಪಟ್ಟಿಗೆ ಸೇರಿಸಿತು. ಇಂದು ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು 150ರ ಆಸುಪಾಸು ಎನ್ನುತ್ತಾರೆ, ಬಹುಪಾಲು ಜೈಸಲ್ಮೇರ್ ಕಡೆಯವು. ಸಿರುಗುಪ್ಪದಲ್ಲಿ ಈಚಿನ ವರ್ಷಗಳಲ್ಲಿ ಕಂಡದ್ದು ಬೆರಳೆಣಿಕೆಯಷ್ಟು.

ಕರ್ನಾಟಕದಲ್ಲಿ ಈ ಹಕ್ಕಿಗೆ ಇನ್ನೊಂದು ನೆಲೆಯಿತ್ತು. 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿ.ಮೀ.ಯ ರಾಣೆಬೆನ್ನೂರು ಅಭಯಾರಣ್ಯ ಘೋಷಣೆಯಾಯಿತು. ಎರೆಭೂತವೂ ಅಲ್ಲಿತ್ತು. ಆದರೆ ಹುಲ್ಲುಗಾವಲಿನ ತುಂಬ ನೀಲಗಿರಿ ನೆಡುತೋಪು ಎದ್ದು ನಿಂತಿತು. ನೆಟ್ಟವರು ಕೆಟ್ಟ ಉದ್ದೇಶದಿಂದ ನೆಡಲಿಲ್ಲ. ಬೋಳು ನೆಲಕ್ಕೆ ಹಸಿರು ಹೊದಿಸುವುದೇ ಅರಣ್ಯ ರಕ್ಷಣೆ ಎಂದು ನಂಬಿದ ಕಾಲ ಅದು. ಈಗ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ, ಎರೆಭೂತ ಇಲ್ಲ. ಅಭಯಾರಣ್ಯವೆಂಬ ಫಲಕವಿದ್ದೂ ಒಂದು ಜೀವ ಹೊರಟುಹೋದ ಈ ಕಥೆ ನಮ್ಮ ಶಾಲೆಗಳ ಪಠ್ಯದಲ್ಲಿ ಬರಬೇಕಾದದ್ದು.

ಬೇಲಿ ಹಾಕಿ ಜನರನ್ನು ಹೊರಗಟ್ಟಿದರೆ ಸಾಕು ಎನ್ನುವವರಿಗೂ ಉತ್ತರವಿದೆ. ಮಧ್ಯಪ್ರದೇಶದ ಕರೇರಾದಲ್ಲಿ ಎರೆಭೂತಕ್ಕಾಗಿಯೇ ಅಭಯಾರಣ್ಯ ಮಾಡಿದರು. ರಕ್ಷಣೆ ಸಿಕ್ಕಿ ಕೃಷ್ಣಮೃಗಗಳು ಹೆಚ್ಚಿದವು, ಬೆಳೆ ಮೇಯ್ದವು, ಸುತ್ತಲಿನ ರೈತರು ಅಭಯಾರಣ್ಯದ ಮೇಲೆಯೇ ಸಿಟ್ಟಾದರು. 1990ರ ದಶಕ ಮುಗಿಯುವುದರೊಳಗೆ ಅಲ್ಲಿ ಹಕ್ಕಿಯೇ ಉಳಿಯಲಿಲ್ಲ. ನಮ್ಮ ಪಕ್ಕದ ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯಲ್ಲಿ 1988ರಲ್ಲಿ ಘೋಷಣೆಯಾದ ರೊಳ್ಳಪಾಡು ಧಾಮ ಬರೀ 6.14 ಚದರ ಕಿ.ಮೀ. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸಾದ್ ರಹಮಾನಿ ಮತ್ತು ಸಂಗಡಿಗರು ಎರೆಭೂತದ ಬದುಕನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ ಜಾಗಗಳಲ್ಲಿ ಅದೂ ಒಂದು. ಆದರೆ ದಿನಕ್ಕೆ ಹತ್ತಾರು ಕಿಲೋಮೀಟರ್ ಅಲೆಯಬಲ್ಲ ಹಕ್ಕಿಗೆ ಆ ಪುಟ್ಟ ಬೇಲಿ ಯಾವ ಮೂಲೆಗೆ ಸಾಕು? ಹಕ್ಕಿ ಬದುಕುವುದು ಸುತ್ತಲಿನ ರೈತರ ಹೊಲದಲ್ಲಿ. ಸುತ್ತಲಿನ ಜೋಳ, ಕಡಲೆ, ಶೇಂಗಾದ ಹೊಲಗಳು ಬೇರೆ ಬೆಳೆಗೆ ತಿರುಗಿದಂತೆ ಅದರ ನೆಲೆಯೂ ಕರಗಿತು.

ಆದ್ದರಿಂದ ಸಿರುಗುಪ್ಪದ ಬಯಲಿಗೆ ಬೇಕಾದದ್ದು ಸಫಾರಿ ಜೀಪೂ ಅಲ್ಲ, ಎತ್ತರದ ಗೋಡೆಯೂ ಅಲ್ಲ. ಅಲ್ಲಿಯ ಕಡ್ಲಿ ಬೆಳೆಯುವ ರೈತ, ಕುರಿ ಮೇಯಿಸುವ ಕುರುಬ, ಅವರ ಮಕ್ಕಳು ಕಲಿಯುವ ಸರ್ಕಾರಿ ಶಾಲೆ ಈ ಮೂರೂ ಸೇರಿಕೊಂಡ ವ್ಯವಸ್ಥೆ. ಬಳ್ಳಾರಿ ಕುರಿ ಎಂಬ ತಳಿಯನ್ನೇ ಬೆಳೆಸಿದ ಸೀಮೆ ಇದು. ಹಿತಮಿತವಾಗಿ ಕುರಿ ಮೇಯ್ದ ಹುಲ್ಲು ಎರೆಭೂತಕ್ಕೆ ಅನುಕೂಲವೇ. ತಲೆ ಮುಳುಗುವಷ್ಟು ಬೆಳೆದ ಹುಲ್ಲಿನಲ್ಲಿ ಅದಕ್ಕೆ ನಡೆಯಲಾಗದು. ತೋಳದ ಜಾಡು, ನರಿಯ ಬಿಲ, ಹಕ್ಕಿ ಮೊಟ್ಟೆಯಿಡುವ ತೆರಪು ಕುರಿಗಾಹಿಗೆ ಗೊತ್ತಿರುವಷ್ಟು ಪೇಟೆಯಿಂದ ಹೋದ ಯಾವ ತಜ್ಞನಿಗೂ ಗೊತ್ತಿರುವುದಿಲ್ಲ. ಪರಿಸರ ಶಿಕ್ಷಣದ ಮೇಷ್ಟ್ರು ಅವನೇ ಆಗಬೇಕು. ಗೌರವಧನ ಕೊಟ್ಟು ಕರೆಸಬೇಕು.

ಹಕ್ಕಿಗೆ ಇನ್ನೊಂದು ಗಂಡಾಂತರವಿದೆ. ಎರೆಭೂತದ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿವೆ. ಸುತ್ತಲೂ ಚೆನ್ನಾಗಿ ಕಾಣುತ್ತದೆ, ನೇರ ಮುಂದೆ ಕಾಣುವುದು ಕಡಿಮೆ. ಭಾರದ ಮೈ ಬೇರೆ. ಎದುರಿಗೆ ವಿದ್ಯುತ್ ತಂತಿ ಬಂದಾಗ ತಟ್ಟನೆ ತಿರುಗಲಾಗದೆ ಡಿಕ್ಕಿ ಹೊಡೆದು ಸಾಯುತ್ತದೆ. ರಾಜಸ್ಥಾನ, ಗುಜರಾತ್‌ಗಳ ಸೌರ ಮತ್ತು ಪವನ ವಿದ್ಯುತ್ ಸ್ಥಾವರಗಳ ತಂತಿಗಳ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ತಂತಿಗಳನ್ನು ನೆಲದಡಿ ಹೂಳಲು ನ್ಯಾಯಾಲಯ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಬಿಸಿಲೂ ಗಾಳಿಯೂ ಧಾರಾಳವಾಗಿರುವ ಬಳ್ಳಾರಿ ಸೀಮೆಗೂ ಇದು ದೂರದ ಸುದ್ದಿಯಲ್ಲ. ಸೌರ ವಿದ್ಯುತ್ ಬೇಡವೆನ್ನಲಾಗದು. ಆದರೆ ಎಲ್ಲಿ ಕಂಬ ನೆಡಬೇಕು, ಎಲ್ಲಿ ನೆಡಬಾರದು ಎಂದು ಗುರುತಿಸಿದ ನಕ್ಷೆ ಕಂಬ ಬರುವ ಮೊದಲೇ ಸಿದ್ಧವಿರಬೇಕು.

ಎಲ್ಲೂ ಮರ ನೆಡಲೇಬಾರದು ಎಂದು ಇದರ ಅರ್ಥವಲ್ಲ. ವೇದಾವತಿ ನದಿ ಈ ಸೀಮೆಗೆ ಬರುವಾಗ ಹಗರಿಯಾಗುತ್ತದೆ. ವರ್ಷದ ಬಹುಪಾಲು ಬರೀ ಮರಳ ಹಾಸು. ಮುಂಗಾರಿನ ಪಶ್ಚಿಮದ ಗಾಳಿ ಜೋರಾದಾಗ ಆ ಮರಳು ಎದ್ದು ದಂಡೆಯ ಹೊಲಗಳ ಮೇಲೆ ಕೂರುತ್ತದೆ. ಗಡಿಯಾಚೆ ಅನಂತಪುರ ಜಿಲ್ಲೆಯ ಬೊಮ್ಮನಹಾಳು, ಕಣೇಕಲ್ಲು ಕಡೆ ನಿಜಕ್ಕೂ ಮರಳ ದಿಬ್ಬಗಳೇ ಇವೆ; ದರ್ಗಾ ಹೊನ್ನೂರಿನಲ್ಲಿ ದಿಬ್ಬಗಳು ಸರಿಯುತ್ತ ಬಂದು ಹೊಲಗಳನ್ನು ನುಂಗಿವೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆಂಧ್ರದ ಪಾಲಾದ ರಾಯದುರ್ಗ ಸೀಮೆ ಅದು. ಭಾಷೆಯಲ್ಲೂ ನೆಂಟಸ್ತನದಲ್ಲೂ ಈಗಲೂ ಬಳ್ಳಾರಿಗೆ ಹತ್ತಿರ. ಅಲ್ಲಿ ಗಾಳಿ ತಡೆಯುವ ಗಿಡಸಾಲು ಬೇಕೇ ಬೇಕು, ಮರಳು ಹಿಡಿಯುವ ಹುಲ್ಲೂ ಬೇಕು. ಹಗರಿಯ ಮರಳಿಗೆ ಗಿಡ ನೆಡುವುದು ಸರಿ, ಸಿರುಗುಪ್ಪದ ಹುಲ್ಲುಗಾವಲಿಗೆ ನೆಡುವುದು ತಪ್ಪು. ಎರಡಕ್ಕೂ ನಡುವಿನ ಅಂತರ ಒಂದು ಬಸ್ಸಿನ ಪ್ರಯಾಣ. ಬೆಳಿಗ್ಗೆ ಒಂದನ್ನು, ಮಧ್ಯಾಹ್ನ ಇನ್ನೊಂದನ್ನು ತೋರಿಸಿದರೆ ಒಂಬತ್ತನೇ ತರಗತಿಯ ಹುಡುಗಿ ಯಾರೂ ಹೇಳಿಕೊಡದೆ ಇದನ್ನು ಅರ್ಥ ಮಾಡಿಕೊಳ್ಳುತ್ತಾಳೆ.

ಈ ಕಲಿಕೆಗೆ ಬೇಕಾದ ಸಂಸ್ಥೆಗಳೂ ಹತ್ತಿರದಲ್ಲೇ ಇವೆ. 1906ರಲ್ಲಿ ಶುರುವಾದ ಹಗರಿಯ ಕೃಷಿ ಸಂಶೋಧನಾ ಕೇಂದ್ರ ಶತಮಾನದಿಂದ ಒಣಬೇಸಾಯದ ಹತ್ತಿ, ಜೋಳಗಳ ಮೇಲೆ ಕೆಲಸ ಮಾಡಿದೆ. ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಎರೆಮಣ್ಣು ಕೊಚ್ಚಿಹೋಗದಂತೆ ತಡೆಯುವ ಬದು, ಕೃಷಿ ಹೊಂಡಗಳನ್ನು ಅಭ್ಯಾಸ ಮಾಡುತ್ತಿದೆ. ಮಳೆ ಬಂದರೆ ಅಂಟುವ, ಬಿಸಿಲಿಗೆ ಮೊಣಕೈ ಇಳಿಯುವಷ್ಟು ಬಿರಿಯುವ ಈ ಮಣ್ಣಿನ ಗುಣವನ್ನು ಅಲ್ಲಿನ ವಿಜ್ಞಾನಿಗಳ ಬಾಯಲ್ಲೇ ಕೇಳುವ ಭಾಗ್ಯ ಬಳ್ಳಾರಿಯ ಮಕ್ಕಳಿಗೆ ಸಿಗಬೇಕು.

ಕುರುಗೋಡಿನದು ಬೇರೆಯೇ ಪಾಠ. ಬಳ್ಳಾರಿಯಿಂದ 28 ಕಿ.ಮೀ. ಆಸುಪಾಸು ದೂರದ ಈ ಊರು ಸಿಂದರು ಆಳಿದ ಕೋಟೆ, ಗುಡಿಗಳ ಊರು, ದೊಡ್ಡಬಸವೇಶ್ವರನ ಊರು. ಮೆಣಸಿನಕಾಯಿಯ ಹೊಲಗಳ ನಡುವಿಂದ ಏಕಾಏಕಿ ಏಳುವ ಗ್ರಾನೈಟ್ ಗುಡ್ಡಗಳಲ್ಲಿ ಕಾಲಿಟ್ಟಲ್ಲೆಲ್ಲ ಇತಿಹಾಸವಿದೆ. ಕಲ್ಲಿನ ಸಂದುಗಳಲ್ಲಿ ದೊಡ್ಡ ಕೊಂಬಿನ ಗೂಬೆ, ಉಡ, ಬಿಸಿಲು ಕಾಯಿಸುವ ಓತಿಕ್ಯಾತಗಳಿಗೆ ಜಾಗವಿದೆ. ಆದರೆ ಗುಡ್ಡದ ಬುಡದಿಂದ ಹಿಡಿದು ಹಳ್ಳ, ಕೆರೆಯಂಗಳ, ರಸ್ತೆಯ ಇಕ್ಕೆಲದವರೆಗೆ ಒಂದೇ ಗಿಡ ಆವರಿಸಿಕೊಂಡಿದೆ. ಇಡೀ ಕನ್ನಡನಾಡು ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ.

ಹೆಸರಿಗೆ ಬಳ್ಳಾರಿಯದು, ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 1876–78ರ ಘೋರ ಬರ ಬಳ್ಳಾರಿ, ಕಡಪ ಸೀಮೆಯನ್ನು ಹಿಂಡುತ್ತಿದ್ದ ಹೊತ್ತಿನಲ್ಲೇ, 1877ರಲ್ಲಿ, ಜಮೈಕಾದಿಂದ ತಂದ ಬೀಜಗಳನ್ನು ಕಡಪ ಜಿಲ್ಲೆಯಲ್ಲಿ ಬಿತ್ತಿದರು. ಸೌದೆ ಸಿಕ್ಕಿತು ನಿಜ; ಬಡವರ ಒಲೆ ಉರಿದದ್ದು ಅದರಿಂದಲೇ. ಜೊತೆಗೆ ಅದು ದೇಶಿ ಹುಲ್ಲನ್ನೂ ಪೊದೆಯನ್ನೂ ಬೆಳೆಯಗೊಡದೆ ನೆಲವನ್ನೇ ಹಿಡಿದುಕೊಂಡಿತು. ಕಡಿದರೆ ಬುಡದಿಂದ ಹತ್ತಾಗಿ ಚಿಗುರುತ್ತದೆ.

ಇದೇ ಗಿಡದೊಂದಿಗೆ ಸೆಣಸಿ ಗೆದ್ದ ಒಂದು ಜಾಗ ರಾಜಸ್ಥಾನದ ಜೋಧ್‌ಪುರದಲ್ಲಿದೆ. ಮೆಹ್ರಾನ್‌ಗಡ ಕೋಟೆಯ ಬುಡದ ಸುಮಾರು 72 ಹೆಕ್ಟೇರ್ ಬಂಡೆನೆಲ ಪೂರ್ತಿ ಜಾಲಿಮಯವಾಗಿತ್ತು. 2006ರಲ್ಲಿ ನಿಸರ್ಗತಜ್ಞ ಪ್ರದೀಪ್ ಕ್ರಿಷನ್ ಅದನ್ನು ಮರಳಿ ಮರುಭೂಮಿಯ ಗಿಡಗಳಿಗೆ ಬಿಟ್ಟುಕೊಡುವ ಕೆಲಸಕ್ಕೆ ಕೈಹಾಕಿದರು. ಬಂಡೆಯ ಬಿರುಕಿನೊಳಗೆ ಇಳಿದ ಬೇರು ತೆಗೆಯುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. ದಾರಿ ತೋರಿದವರು ಖಂಡ್ವಾಲಿಯಾ ಎಂಬ ಕಲ್ಲುಕುಟಿಗರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಉಳಿ ಇಟ್ಟರೆ ಕಲ್ಲು ಬಿಡುತ್ತದೆ ಎಂದು ಹೇಳಬಲ್ಲ ಜನ. ಅವರು ಕಲ್ಲು ಕೊರೆದು ಬೇರು ತೆಗೆದರು, ಅದೇ ಗುಂಡಿಯಲ್ಲಿ ಥಾರ್‌ನ ಗಿಡಗಳನ್ನು ನೆಟ್ಟರು. 2011ರಲ್ಲಿ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಜನರಿಗೆ ತೆರೆಯಿತು. ಗುರುತು ಹಾಕಿದ ಕಾಲುದಾರಿಗಳು, ಜೊತೆಗೆ ನಡೆದು ವಿವರಿಸುವ ಸ್ಥಳೀಯರು, ಶಾಲಾಮಕ್ಕಳ ತರಗತಿಗಳು ಎಲ್ಲವೂ ಅಲ್ಲಿವೆ. ಭಾರತದಲ್ಲಿ ಒಣನೆಲವನ್ನು ಅದರದೇ ಚೆಲುವಿನಲ್ಲಿ ತೋರಿಸುವ ಇಂಥ ಜಾಗ ಇನ್ನೊಂದು ಸಿಗುವುದು ಕಷ್ಟ.

ಕುರುಗೋಡು, ಬಳ್ಳಾರಿಗಳಲ್ಲಿ ಇದು ಯಾಕಾಗಬಾರದು? ತಲೆತಲಾಂತರದಿಂದ ಕಲ್ಲಿನ ಸ್ವಭಾವ ಬಲ್ಲ ಭೋವಿ ಕುಟುಂಬಗಳು ಇಲ್ಲಿವೆ. ಬಳ್ಳಾರಿ ನಗರದ ಮಗ್ಗುಲಲ್ಲೇ ಸಂಗನಕಲ್ಲು ಗುಡ್ಡಗಳಿವೆ. ಸುಮಾರು 5000 ವರ್ಷಗಳ ಹಿಂದೆ ನವಶಿಲಾಯುಗದ ಜನ ಇಲ್ಲಿ ಕಲ್ಲಿನ ಕೊಡಲಿ ಮಸೆದರು, ದನ ಸಾಕಿದರು, ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕೆತ್ತಿದರು. ತಟ್ಟಿದರೆ ಗಂಟೆಯಂತೆ ನುಡಿಯುವ ಕಲ್ಲುಗಳೂ ಅಲ್ಲಿವೆ. ಕುಡತಿನಿಯ ಬೂದಿದಿಬ್ಬ ಅದೇ ಜನ ರಾಶಿ ಹಾಕಿ ಸುಟ್ಟ ಸಗಣಿಯದು. ಅಂದರೆ ಈ ಬಯಲಿನಲ್ಲಿ ಹುಲ್ಲು, ದನ, ಮನುಷ್ಯ ಐದು ಸಾವಿರ ವರ್ಷ ಕೂಡಿ ಬಾಳಿದ್ದಾರೆ. ಇಲ್ಲಿ ಸಿಕ್ಕ ವಸ್ತುಗಳನ್ನು ನೋಡಲು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ. ಗುಡ್ಡಗಳಿಗೆ ಮಾತ್ರ ಕಲ್ಲುಗಣಿಗಾರಿಕೆಯ ಕಾಟ ತಪ್ಪಿಲ್ಲ. ಸಂಗ್ರಹಾಲಯದಿಂದ ಹೊರಟು ಗುಡ್ಡ ಹತ್ತಿ ಇಳಿಯುವ, ದಾರಿಯಲ್ಲಿ ಗಿಡಗಳಿಗೆ ಕನ್ನಡ ಹೆಸರಿನ ಫಲಕವಿರುವ ಒಂದು ಕಾಲುದಾರಿಗೆ ಆಗುವ ಖರ್ಚು ಹೆಚ್ಚಲ್ಲ. ಜನ ನಡೆದಾಡುವ ಗುಡ್ಡವನ್ನು ಒಡೆಯುವುದು ಸುಲಭವೂ ಅಲ್ಲ.

ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಯೋಜನೆ ಗ್ರಾಮೀಣ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಒಳ್ಳೆಯ ಯೋಜನೆ, ನಿಲ್ಲದೆ ನಡೆಯಬೇಕಾದದ್ದು. ಈ ಸೀಮೆಯ ಮಕ್ಕಳಿಗೆ ದರೋಜಿ ಇದೆ, ಕಮಲಾಪುರದ ಬಳಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವಿದೆ, ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯಲ್ಲಿ 2015ರಲ್ಲಿ ಘೋಷಿಸಿದ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಇದೆ. ಈ ಪಟ್ಟಿಗೆ ಬಯಲು ಸೇರಬೇಕು. ಹುಲಿಯನ್ನೂ ಆನೆಯನ್ನೂ ಕಾಡೆಂದು ಕಲಿತ ಮಗು ತನ್ನೂರಿನ ಹಿಂದಿನ ಎರೆಹೊಲವನ್ನು ಕಾಡೆಂದು ಕಾಣುವಂತಾದರೆ, ಮುಂದೆ ಆ ಹೊಲ ಯಾರದೋ ಲೇಔಟ್ ಆಗುವಾಗ ಗ್ರಾಮಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವುದು ಅದೇ ಮಗು.

ನೋಡಲು ಹೋಗುವವರಿಗೆ ಎರಡು ಮಾತು. ದರೋಜಿಗೆ ಮಧ್ಯಾಹ್ನದ ಮೇಲೆಯೇ ಹೋಗಿ, ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ, ದುರ್ಬೀನು ಇರಲಿ. ಸಂಗನಕಲ್ಲು, ಕುರುಗೋಡುಗಳಿಗೆ ಬೆಳಗಿನ ಹೊತ್ತು, ನೀರು ಮತ್ತು ಟೋಪಿಯೊಂದಿಗೆ. ಕೆತ್ತನೆಗಳ ಮೇಲೆ ಸುಣ್ಣ, ಬಳಪ ತಾಗಿಸಬೇಡಿ. ಚಳಿಗಾಲದಲ್ಲಿ ಸಿರುಗುಪ್ಪದ ರಸ್ತೆಬದಿಯಿಂದಲೇ ಚಿಗರಿ ಹಿಂಡು ಕಾಣಬಹುದು. ಎರೆಭೂತವನ್ನು ಹುಡುಕಿಕೊಂಡು ಹೊಲಕ್ಕೆ ಇಳಿಯಬೇಡಿ, ಮುಂಗಾರಿನ ತಿಂಗಳುಗಳಲ್ಲಂತೂ ಬೇಡವೇ ಬೇಡ. ಅಕಸ್ಮಾತ್ ಕಂಡರೆ ದೂರದಿಂದಲೇ ನೋಡಿ ಹಿಂದಿರುಗಿ. ಜಾಗದ ಗುರುತನ್ನು ವಾಟ್ಸ್ಆ್ಯಪ್‌ಗೆ ಹಾಕದೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಆ ಹೊಲದ ರೈತ ಎದುರಾದರೆ ಅವರಿಗೂ ಹೇಳಿ. ಮುಂದಿನ ಬಿತ್ತನೆಗೆ ಟ್ರ್ಯಾಕ್ಟರ್ ಇಳಿಸುವ ಮೊದಲು ಆ ಮೂಲೆಯನ್ನೊಮ್ಮೆ ನೋಡಿಕೊಳ್ಳಲು ಅವರಿಗೆ ಅನುಕೂಲವಾಗುತ್ತದೆ.